ಕಡೆಗಣ್ಣಿನ ಅಳತೆ

(ನಿಟ್ಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಮಾತಿಗೆ ಮೊದಲು ಎಲ್ಲರೂ ಕೂತಲ್ಲೇ ಒಂದು ಸಣ್ಣ ಪ್ರಯೋಗ ಮಾಡೋಣ. ಎಡಗಣ್ಣು ಮುಚ್ಚಿಕೊಳ್ಳಿ. ಎರಡೂ ಕೈಗಳನ್ನು ನೇರ ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಜೋಡಿಸಿ ಎತ್ತಿ ಹಿಡಿಯಿರಿ. ಬಲಗಣ್ಣು ಎಡ ಹೆಬ್ಬೆರಳಿನ ಉಗುರಿನ ಮೇಲೇ ನೆಟ್ಟಿರಲಿ. ಈಗ ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತಾ ಹೋಗಿ. ಒಂದು ಗೇಣಿಗೆ ತುಸು ಕಡಿಮೆ ದೂರ ಸರಿದಾಗ ಬಲ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಇನ್ನೂ ಸರಿಸಿದರೆ ಮರಳಿ ಬರುತ್ತದೆ.

ಬೆರಳು ಮಾಯವಾದ ಜಾಗದಲ್ಲಿ ಏನು ಕಂಡಿತು? ಕಪ್ಪು ಚುಕ್ಕೆಯಂತೂ ಕಂಡಿರಲಾರದು. ಹಿಂದಿನ ಗೋಡೆಯ ಬಣ್ಣವೇ ಅಲ್ಲಿ ಹಬ್ಬಿಕೊಂಡಿರುತ್ತದೆ. ಕಣ್ಣಿನ ನರ ಅಕ್ಷಿಪಟಲವನ್ನು ಬಿಟ್ಟು ಮಿದುಳಿನ ಕಡೆಗೆ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎದ್ಮೆ ಮಾರಿಯೋಟ್ 1660ರ ದಶಕದಲ್ಲಿ ಇದನ್ನು ಪತ್ತೆ ಮಾಡಿದ. ನೋಟದ ನಡುವಿನಿಂದ ಸುಮಾರು 15 ಡಿಗ್ರಿ ಆಚೆಗೆ, ಐದಾರು ಡಿಗ್ರಿ ಅಗಲದ ಕುರುಡು ತಾಣ ಅದು. ಹುಣ್ಣಿಮೆಯ ಚಂದ್ರ ನಮಗೆ ಕಾಣುವುದು ಅರ್ಧ ಡಿಗ್ರಿ ಅಗಲ; ಅಂಥ ಹತ್ತು ಚಂದ್ರರನ್ನು ಸಾಲಾಗಿ ಹುದುಗಿಸಿಡುವಷ್ಟು ಜಾಗ ನಮ್ಮ ಒಂದೊಂದು ಕಣ್ಣಿನಲ್ಲೂ ಖಾಲಿ ಇದೆ. ಆದರೂ ಹುಟ್ಟಿದಂದಿನಿಂದ ಅದು ನಮ್ಮ ಗಮನಕ್ಕೆ ಬಂದಿಲ್ಲ, ಏಕೆಂದರೆ ಮಿದುಳು ಅಕ್ಕಪಕ್ಕದ ಬಣ್ಣ ತೆಗೆದು ತೇಪೆ ಹಾಕಿಬಿಡುತ್ತದೆ. ಈ ತೇಪೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಅದಕ್ಕೇ ತಗಲಿಕೊಂಡಿದೆ.

ವಿಷಯಕ್ಕೆ ಬರುತ್ತೇನೆ. ವರ್ಚುವಲ್ ರಿಯಾಲಿಟಿಯ (ವಿಆರ್) ಕನ್ನಡಕ ತೊಟ್ಟು ಮನುಷ್ಯನ ನೋಟದ ಹರವನ್ನು ಹಿಗ್ಗಿಸಬಹುದೇ ಎನ್ನುವುದು ಪ್ರಶ್ನೆ. ಅದಕ್ಕೆ ಮೊದಲು ಈಗಿರುವ ಹರವು ಎಷ್ಟೆಂದು ತಿಳಿಯಬೇಕು. ಕತ್ತು ತಿರುಗಿಸದೆ, ಕಣ್ಣುಗುಡ್ಡೆ ಅಲುಗಿಸದೆ ಎರಡೂ ಕಣ್ಣು ಸೇರಿ ನಮಗೆ ಅಡ್ಡಕ್ಕೆ ಸುಮಾರು 190 ಡಿಗ್ರಿ ಕಾಣುತ್ತದೆ. ಮೇಲಕ್ಕೆ 60, ಕೆಳಕ್ಕೆ 70–75. ಇದರಲ್ಲಿ ಎರಡೂ ಕಣ್ಣಿಗೆ ಒಟ್ಟಿಗೆ ಸಿಗುವುದು ನಡುವಿನ 120 ಡಿಗ್ರಿ ಮಾತ್ರ. ವಸ್ತುವಿನ ಆಳ, ದೂರ ಚೆನ್ನಾಗಿ ತಿಳಿಯುವುದು ಅಲ್ಲೇ. ಇನ್ನು ಅಕ್ಷರ ಓದುವಷ್ಟು, ಸೂಜಿಗೆ ನೂಲು ಪೋಣಿಸುವಷ್ಟು ನಿಚ್ಚಳವಾದ ನೋಟ ಚಾಚಿದ ಕೈಯ ಹೆಬ್ಬೆರಳಿನ ಅಗಲದಷ್ಟೇ, ಹೆಚ್ಚೆಂದರೆ 2 ಡಿಗ್ರಿ. ಉಳಿದದ್ದೆಲ್ಲ ಕಡೆಗಣ್ಣು. ಅಲ್ಲಿ ಅಕ್ಷರ ಕಾಣದು, ಆದರೆ ಅಲುಗಾಟ ಕಾಣುತ್ತದೆ. ರಸ್ತೆ ದಾಟುವಾಗ ಬದಿಯಿಂದ ನುಗ್ಗುವ ಸ್ಕೂಟರನ್ನು ಮೊದಲು ಹಿಡಿಯುವುದು ಈ ಕಡೆಗಣ್ಣೇ.

ಇಲ್ಲಿಂದ ಹತ್ತಿರದಲ್ಲೇ ಇರುವ ಕಾರ್ಕಳದ ಚತುರ್ಮುಖ ಬಸದಿಯನ್ನು ನೀವೆಲ್ಲ ನೋಡಿದ್ದೀರಿ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಆ ಬಸದಿಗೆ ನಾಲ್ಕೂ ದಿಕ್ಕಿಗೆ ಒಂದೇ ಬಗೆಯ ಬಾಗಿಲು. ಎದುರು ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ. ಗೊಮ್ಮಟನನ್ನು ನೋಡುತ್ತ ನಿಂತವನಿಗೆ ಬೆನ್ನ ಹಿಂದಿನ ಬಾಗಿಲು ಇಲ್ಲದ ಹಾಗೆಯೇ. ಬಸದಿಗೆ ನಾಲ್ಕು ಮುಖ, ನೋಡುವವನಿಗೆ ಒಂದು. ಈ ಕೊರತೆ ಪ್ರಾಣಿಲೋಕದಲ್ಲಿ ಎಲ್ಲರಿಗೂ ಇಲ್ಲ. ದನಗಳ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಅವಕ್ಕೆ 330 ಡಿಗ್ರಿಯಷ್ಟು ಕಾಣುತ್ತದೆ. ನೇರ ಬೆನ್ನ ಹಿಂದಿನ ಒಂದು ಕಿರಿದಾದ ಪಟ್ಟಿ ಮಾತ್ರ ಮರೆ. ಹುಲಿಗೆ, ಗೂಬೆಗೆ, ನಮಗೆ ಎರಡೂ ಕಣ್ಣು ಮುಂದಕ್ಕೆ. ಮೇಯುವ ಪ್ರಾಣಿ ಅಗಲವನ್ನು ಆರಿಸಿಕೊಂಡಿತು, ಬೇಟೆಯಾಡುವ ಪ್ರಾಣಿ ಆಳವನ್ನು. ಎರಡನ್ನೂ ಪೂರ್ತಿಯಾಗಿ ಪಡೆದ ಪ್ರಾಣಿ ಇಲ್ಲ. ಕೋಟ್ಯಂತರ ವರ್ಷಗಳ ವಿಕಾಸವೂ ಬಗೆಹರಿಸದ ಈ ತೊಡಕು ಯಂತ್ರ ಮಾಡುವವನಿಗೂ ಎದುರಾಗುತ್ತದೆ.

ಯಂತ್ರದ ಕತೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿದರೆ ಆಳ ಕಾಣುತ್ತದೆಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ತೋರಿಸಿಕೊಟ್ಟ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಲೆಗೆ ಧರಿಸುವ ಮೊದಲ ಕಂಪ್ಯೂಟರ್ ಪರದೆ ಮಾಡಿದ; ಭಾರ ತಡೆಯಲು ಅದನ್ನು ಚಾವಣಿಗೆ ತೂಗುಹಾಕಬೇಕಾಗಿತ್ತು, ಅದರಲ್ಲಿ ಕಾಣುತ್ತಿದ್ದುದು 40 ಡಿಗ್ರಿ. 2012ರಲ್ಲಿ ಪಾಮರ್ ಲಕಿ ಎಂಬ ಹುಡುಗ ಜನರಿಂದ ಹಣ ಕೂಡಿಸಿ ಆಕ್ಯುಲಸ್ ರಿಫ್ಟ್ ಮಾಡಲು ಹೊರಟ, 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡಿತು. ಇಂದಿನ ಸಾಮಾನ್ಯ ಹೆಡ್‌ಸೆಟ್‌ಗಳಲ್ಲಿ ಕಾಣುವುದು 100–110 ಡಿಗ್ರಿ. ಅಂದರೆ ನೋಟ ಹಿಗ್ಗಿಸುತ್ತದೆಂದು ನಾವು ಕೊಳ್ಳುವ ಸಾಧನ, ತೊಟ್ಟ ಕ್ಷಣದಲ್ಲಿ, ದೇವರು ಕೊಟ್ಟ 190ರಲ್ಲಿ 80ನ್ನು ಕಿತ್ತುಕೊಳ್ಳುತ್ತದೆ.

ಅಗಲ ಮಾಡಿದರಾಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಕಣ್ಣಿಗೆ ಒಂದು ಡಿಗ್ರಿಯಲ್ಲಿ 60 ಪಿಕ್ಸೆಲ್ ಬೇಕು. ಕಣ್ಣಿನ ಡಾಕ್ಟರ ಫಲಕದಲ್ಲಿ 6/6 ಎನ್ನುತ್ತೇವಲ್ಲ, ಅದರ ಲೆಕ್ಕ ಇದು. ಒಂದು ಕಣ್ಣಿನ ಪರದೆಯಲ್ಲಿ ಅಡ್ಡಕ್ಕೆ 2,000 ಪಿಕ್ಸೆಲ್ ಇವೆ ಎಂದುಕೊಳ್ಳಿ. ಅವನ್ನು 100 ಡಿಗ್ರಿಗೆ ಹರಡಿದರೆ ಡಿಗ್ರಿಗೆ 20 ಸಿಗುತ್ತವೆ; ತೊಟ್ಟವನ ದೃಷ್ಟಿ 6/18ಕ್ಕೆ ಇಳಿಯಿತು. 200 ಡಿಗ್ರಿಗೆ ಹರಡಿದರೆ ಡಿಗ್ರಿಗೆ 10, ದೃಷ್ಟಿ 6/36. ಆರೋಗ್ಯವಂತ ತರುಣ ಪೊರೆ ಬಂದ ಮುದುಕನಾದ ಹಾಗಾಯಿತು. ಪೂರ್ಣ ಹರವನ್ನು ಪೂರ್ಣ ನಿಚ್ಚಳದಲ್ಲಿ ತುಂಬಿಸಲು ಒಂದೊಂದು ಚಿತ್ರಕ್ಕೂ ಹತ್ತಿರಹತ್ತಿರ 10 ಕೋಟಿ ಪಿಕ್ಸೆಲ್ ಬೇಕು. ಕಣ್ಣು ಎತ್ತ ನೆಟ್ಟಿದೆಯೆಂದು ಪತ್ತೆಹಚ್ಚಿ ಅಲ್ಲಿ ಮಾತ್ರ ನಿಚ್ಚಳ ಚಿತ್ರ ಕೊಟ್ಟು ಉಳಿದೆಡೆ ಮಸುಕಾಗಿಡುವ ಉಪಾಯವನ್ನು ಈಗ ಎಂಜಿನಿಯರುಗಳು ಹಿಡಿದಿದ್ದಾರೆ. ಕಣ್ಣು ತಾನೇ ಮಾಡಿಕೊಂಡಿದ್ದ ಏರ್ಪಾಡನ್ನು ಯಂತ್ರ ಈಗ ಕಲಿಯುತ್ತಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. 2012ರಲ್ಲಿ ಫ್ರಾನ್ಸಿನ ರೆನ್ ನಗರದ ಸಂಶೋಧಕರು, ಅನಾತೋಲ್ ಲೆಕುಯೆ ಮತ್ತವರ ಸಂಗಡಿಗರು, ಫ್ಲೈವಿಜ್ ಎಂಬ ಶಿರಸ್ತ್ರಾಣ ಮಾಡಿದರು. ನೆತ್ತಿಯ ಮೇಲೆ ಕ್ಯಾಮೆರಾ, ಅದರ ಮುಂದೆ ಸುತ್ತಲಿನದನ್ನೆಲ್ಲ ಒಮ್ಮೆಗೇ ಹಿಡಿಯುವ ಬಾಗುಗನ್ನಡಿ, ಕಣ್ಣೆದುರು ಪುಟ್ಟ ಪರದೆ. 360 ಡಿಗ್ರಿಯ ದೃಶ್ಯವನ್ನು ಮಡಿಸಿ ಆ ಪರದೆಯೊಳಗೆ ತುಂಬಿದರು. ತೂಕ ಒಂದೂವರೆ ಕಿಲೋಗೂ ಹೆಚ್ಚು. ತೊಟ್ಟವರು ಕಾಲು ಗಂಟೆಯಲ್ಲೇ ಅದಕ್ಕೆ ಹೊಂದಿಕೊಂಡು, ಬೆನ್ನ ಹಿಂದೆ ಚಾಚಿದ ವಸ್ತುವನ್ನು ತಿರುಗದೆಯೇ ಹಿಡಿದುಕೊಂಡರು. ಮಿದುಳು ಇಷ್ಟು ಬೇಗ ಒಗ್ಗಿಕೊಳ್ಳುವುದು ನಿಜಕ್ಕೂ ದೊಡ್ಡ ಸಂಗತಿ. ಇದರ ಸುಳಿವು 1890ರ ದಶಕದಲ್ಲೇ ಸಿಕ್ಕಿತ್ತು. ಕ್ಯಾಲಿಫೋರ್ನಿಯಾದ ಜಾರ್ಜ್ ಸ್ಟ್ರಾಟನ್ ಲೋಕವನ್ನೇ ತಲೆಕೆಳಗು ಮಾಡುವ ಮಸೂರವನ್ನು ಎಂಟು ದಿನ ಕಣ್ಣಿಗೆ ಕಟ್ಟಿಕೊಂಡು ನಡೆದಾಡಿದ. ಮೊದಮೊದಲು ಎಡವಿದ ಅವನ ಕೈಕಾಲು ಕೊನೆಕೊನೆಗೆ ತಲೆಕೆಳಗಾದ ಲೋಕದಲ್ಲೇ ಹಾದಿ ಕಂಡುಕೊಂಡವು.

ಹಾಗಿದ್ದರೆ ಫ್ಲೈವಿಜ್‌ನಂಥದ್ದನ್ನು ತೊಟ್ಟು ಎಲ್ಲರೂ ಓಡಾಡಬಹುದೇ? ನನ್ನ ಮಟ್ಟಿಗೆ ಅದು ಸರಿಯಾದ ದಾರಿ ಅಲ್ಲ. ಇಡೀ ಸುತ್ತನ್ನು ಚಿಕ್ಕ ಪರದೆಗೆ ಒತ್ತಿದಾಗ ಹತ್ತಿರದ್ದು ದೂರವಾಗಿ ಕಾಣುತ್ತದೆ. ಸುತ್ತನ್ನು ಎಲ್ಲೋ ಒಂದು ಕಡೆ ಕತ್ತರಿಸಿಯೇ ಬಿಡಿಸಬೇಕು. ಬೆನ್ನ ಹಿಂದೆ ಕತ್ತರಿಸಿದರೆ, ಹಿಂದಿನಿಂದ ಹಾದು ಹೋಗುವ ಮನುಷ್ಯ ಪರದೆಯ ಬಲತುದಿಯಲ್ಲಿ ಮಾಯವಾಗಿ ಎಡತುದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಇದಕ್ಕಿಂತ ದೊಡ್ಡ ಅಡಚಣೆ ಗಮನದ್ದು. ಕೋನ ಎರಡರಷ್ಟಾದ ಮಾತ್ರಕ್ಕೆ ಗಮನ ಎರಡರಷ್ಟಾಗುವುದಿಲ್ಲ. ಮೇಲಾಗಿ, ಕಡೆಗಣ್ಣಿಗೆ ಚಲನೆ ತೋರಿಸಿ ದೇಹವನ್ನು ಕುರ್ಚಿಯಲ್ಲೇ ಕೂರಿಸಿದರೆ ಹೊಟ್ಟೆ ತೊಳಸುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2016ರಲ್ಲಿ ತೋರಿಸಿದ್ದು ಇದನ್ನೇ: ಚಲಿಸುವಾಗ ವಿಆರ್ ನೋಟದ ಅಂಚನ್ನು ಮೆಲ್ಲಗೆ ಕಿರಿದು ಮಾಡಿದರೆ ಓಕರಿಕೆ ಕಡಿಮೆಯಾಗುತ್ತದೆ.

ಬೆನ್ನ ಹಿಂದಿನದನ್ನು ತಿಳಿಯಲು ಅಲ್ಲಿನ ಚಿತ್ರವೇ ಬೇಕು ಎನ್ನುವುದು ಒಂದು ಊಹೆ ಮಾತ್ರ. ಯಕ್ಷಗಾನದ ದೇವಿಮಹಾತ್ಮೆ ಆಟದಲ್ಲಿ ಮಹಿಷಾಸುರ ಬರುವುದನ್ನು ನೆನೆದುಕೊಳ್ಳಿ. ನಾವು ರಂಗಸ್ಥಳವನ್ನು ನೋಡುತ್ತ ಕೂತಿರುತ್ತೇವೆ, ಅವನು ದೊಂದಿಗಳ ಬೆಳಕಿನಲ್ಲಿ ನಮ್ಮ ಬೆನ್ನ ಹಿಂದಿನಿಂದ, ಜನರ ನಡುವಿನಿಂದ ಬರುತ್ತಾನೆ. ಆರ್ಭಟ ಕೇಳಿದ ಕೂಡಲೇ ಸಾವಿರ ಕತ್ತುಗಳು ಒಟ್ಟಿಗೆ ತಿರುಗುತ್ತವೆ. ಸುತ್ತಲೂ ನೋಡುವ ಸ್ವಾತಂತ್ರ್ಯವಿರುವ ಪ್ರೇಕ್ಷಕನ ಮುಖವನ್ನು ಬೇಕಾದ ಕಡೆಗೆ ತಿರುಗಿಸುವುದು ಹೇಗೆ ಎನ್ನುವುದು ಇಂದಿನ ವಿಆರ್ ಸಿನಿಮಾ ಮಾಡುವವರ ದೊಡ್ಡ ತಲೆನೋವು. ನಮ್ಮ ಮೇಳಗಳು ಅದನ್ನು ಕಿವಿಯ ಮೂಲಕ ಬಗೆಹರಿಸಿಕೊಂಡಿವೆ. ಕಾರ್ಕಳ–ಉಡುಪಿ ಬಸ್ಸಿನ ಚಾಲಕರಿಗೂ ಹಿಂಬಾಗಿಲು ಕಾಣದು. ಕಂಡಕ್ಟರ್ ಸೀಟಿ ಊದಿ "ರೈಟ್ ಪೋಯಿ" ಎಂದರೆ ಸಾಕು, ಬಸ್ಸು ಹೊರಡುತ್ತದೆ. ಕಾಣದ ಕಡೆಯಿಂದ ಬೇಕಾದಾಗ ಬೇಕಾದಷ್ಟೇ ಸುದ್ದಿ ಸಿಕ್ಕರೆ ನೋಟ ಹಿಗ್ಗಿದ ಹಾಗೆಯೇ. ಒಳ್ಳೆಯ ಸಾಧನ ಮಾಡಬೇಕೆನ್ನುವವರು ಇಲ್ಲಿಂದ ಹೊರಡಬೇಕೆಂದು ನನಗೆ ಅನ್ನಿಸುತ್ತದೆ.

ಈಗ ಆ ತೇಪೆಯ ಮಾತಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಕಾರ್ಕಳ ತಾಲ್ಲೂಕಿನ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಿತ್ತು; ಪರೀಕ್ಷೆಗೆ ನಾನು ಕೂತಿದ್ದೆ. ಅರುವತ್ತು ದಾಟಿದ ಕೃಷಿಕರೊಬ್ಬರು ಫಲಕದ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಪಟಪಟನೆ ಓದಿದರು. ಚೀಟಿ ಕೊಟ್ಟು ಕಳಿಸಬೇಕು, ಅಷ್ಟರಲ್ಲಿ ಅವರ ಹೆಂಡತಿ ಹೇಳಿದರು: "ಇವರಿಗೆ ಪೇಪರು ಓದ್ಲಿಕ್ಕೆ ಆಗ್ತದೆ ಡಾಕ್ಟ್ರೇ. ಆದ್ರೆ ಕಾಲಬುಡದಲ್ಲಿ ಇಟ್ಟ ಚೊಂಬು ಕಾಣುದಿಲ್ಲ. ಸಂಕ ದಾಟುವಾಗ ಎರಡು ಸಲ ತೋಡಿಗೆ ಬಿದ್ದಿದ್ದಾರೆ." ನಾನು ಅವರ ಎದುರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ. ಒಂದು ಕಣ್ಣು ಮುಚ್ಚಿ ನನ್ನ ಮೂಗನ್ನೇ ನೋಡಲು ಹೇಳಿ, ಬದಿಯಿಂದ ಬೆರಳಾಡಿಸುತ್ತ ಒಳಗೆ ತಂದೆ. ಕೆಳಗಿನಿಂದ ತಂದ ಬೆರಳು ಅವರಿಗೆ ಕಂಡದ್ದು ನನ್ನ ಗಲ್ಲದ ಹತ್ತಿರಕ್ಕೆ ಬಂದಾಗ. ಎರಡೂ ಬದಿಗೂ ಹಾಗೆಯೇ. "ಸುತ್ತ ಕಪ್ಪು ಕಾಣುತ್ತದಾ?" ಎಂದು ಕೇಳಿದೆ. "ಇಲ್ಲಪ್ಪ, ಎಲ್ಲ ಸರಿ ಉಂಟು" ಎಂದರು. ಅದು ಮುಂದುವರಿದ ಗ್ಲಾಕೋಮಾ.

ಕಣ್ಣಿನ ನರ ಸಾಯುತ್ತ, ನೋಟ ಅಂಚಿನಿಂದ ಕಿರಿದಾಗುತ್ತ ಬರುವ ಈ ಕಾಯಿಲೆ ನಮ್ಮ ದೇಶದಲ್ಲಿ ಅಂದಾಜು 1.2 ಕೋಟಿ ಜನರಿಗಿದೆ. ಅವರಲ್ಲಿ ಬಹುಪಾಲು ಜನರಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಕಳೆದುಹೋದ ಜಾಗಕ್ಕೆ ಮಿದುಳು ತೇಪೆ ಹಾಕುತ್ತಲೇ ಇರುತ್ತದೆ. ಲಂಡನ್ನಿನ ಡೇವಿಡ್ ಕ್ರ್ಯಾಬ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಮಂದಿ ಗ್ಲಾಕೋಮಾ ರೋಗಿಗಳಿಗೆ ಕೆಲವು ಚಿತ್ರಗಳನ್ನು ತೋರಿಸಿ, ನಿಮಗೆ ಲೋಕ ಕಾಣುವುದು ಯಾವುದರಂತೆ ಎಂದು ಕೇಳಿದ್ದರು. ಪುಸ್ತಕಗಳಲ್ಲಿ ಅಚ್ಚಾಗುವ ಆ ಕಪ್ಪು ಸುರಂಗದ ಚಿತ್ರವನ್ನು ಒಬ್ಬರೂ ಆರಿಸಲಿಲ್ಲ. ಸುಮಾರು ಕಾಲುಭಾಗದಷ್ಟು ಜನರಿಗೆ ತಮ್ಮ ನೋಟದಲ್ಲಿ ಊನ ಇದೆಯೆಂಬುದರ ಅರಿವೇ ಇರಲಿಲ್ಲ.

ಕರ್ನಾಟಕಕ್ಕೆ ಕಣ್ಣಿನ ಶಿಬಿರಗಳ ದೊಡ್ಡ ಪರಂಪರೆ ಇದೆ. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಲಕ್ಷಾಂತರ ಜನರ ಪೊರೆ ತೆಗೆದು ಬೆಳಕು ಕೊಟ್ಟರು. ಆ ಪರಂಪರೆ ನಮಗೆ ಫಲಕದ ಅಕ್ಷರ ಓದಿಸುವುದನ್ನು ಚೆನ್ನಾಗಿ ಕಲಿಸಿತು. ಬದಿಯ ನೋಟ ಅಳೆಯುವುದು ಮಾತ್ರ ದೊಡ್ಡ ಆಸ್ಪತ್ರೆಗಳ ಕತ್ತಲೆ ಕೋಣೆಯಲ್ಲೇ ಉಳಿಯಿತು. ಆದರೆ ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ, ಅಕ್ಷರ ಎಷ್ಟೇ ಚೆನ್ನಾಗಿ ಓದಲಿ.

ವರ್ಚುವಲ್ ರಿಯಾಲಿಟಿಗೆ ನಾನು ಮೊದಲ ಕೆಲಸ ಹೇಳುವುದಾದರೆ ಇದನ್ನೇ ಹೇಳುತ್ತೇನೆ: ಹಿಗ್ಗಿಸುವುದು ಆಮೇಲಾಗಲಿ, ಮೊದಲು ಅಳೆಯಲಿ. ಆಸ್ಪತ್ರೆಯ ದೃಷ್ಟಿಕ್ಷೇತ್ರ ಮಾಪಕವೆಂದರೆ ಅರ್ಧಗೋಳದ ದೊಡ್ಡ ಯಂತ್ರ. ಗಲ್ಲ ಊರಿ, ಬೆನ್ನು ಬಾಗಿಸಿ, ಒಂದು ಕಣ್ಣು ಕಟ್ಟಿಕೊಂಡು, ಸಣ್ಣ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತುತ್ತಿರಬೇಕು. ಬೆನ್ನು ನೋವಿನ ಅಜ್ಜಿಗೆ ಅದು ಶಿಕ್ಷೆ. ತಲೆಗೆ ಧರಿಸುವ ಹೆಡ್‌ಸೆಟ್ಟಿನೊಳಗೇ ಆ ಬೆಳಕುಗಳನ್ನು ಮಿನುಗಿಸಬಹುದು. ಕತ್ತಲೆ ಕೋಣೆ ಬೇಡ, ಮಂಚದಲ್ಲಿ ಒರಗಿಕೊಂಡೂ ಪರೀಕ್ಷೆ ಆಗುತ್ತದೆ. ಚೆನ್ನೈನ ಎಲಿಸಾರ್ ಸಂಸ್ಥೆ ಇಂಥದೊಂದನ್ನು ಮಾಡಿ ತೋರಿಸಿದೆ. ಇದು ಪೆಟ್ಟಿಗೆಯಲ್ಲಿ ಹಿಡಿಸುವ ಸಾಧನ. ಶಾಲೆಯ ಜಗಲಿಗೆ, ಮೀನುಗಾರರ ಸಭಾಭವನಕ್ಕೆ, ಕಾಪುವಿಗೆ, ಹೆಬ್ರಿಗೆ ಹೋಗಬಲ್ಲದು. ಇಲ್ಲಿ ನಮ್ಮದೇ ಆದ ಒಂದು ಕೆಲಸವೂ ಇದೆ. ಗುಂಡಿ ಯಾವಾಗ ಒತ್ತಬೇಕೆಂದು ಸರಿಯಾಗಿ ಅರ್ಥವಾಗದವರ ಪರೀಕ್ಷೆಯ ಫಲ ನಂಬುವಂತಿರುವುದಿಲ್ಲ. ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಮೆಲುದನಿಯಲ್ಲಿ ಹೇಳಿಕೊಡುವ ಹೆಡ್‌ಸೆಟ್ ಬೇಕು. ಅದನ್ನು ಚೆನ್ನೈಯವರೋ ಕ್ಯಾಲಿಫೋರ್ನಿಯಾದವರೋ ನಮಗಾಗಿ ಮಾಡಿಕೊಡಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಹಿಗ್ಗಿಸುವ ಕೆಲಸದಲ್ಲಿ ನನಗೆ ತುಂಬ ಮೆಚ್ಚಿಗೆಯಾದದ್ದು ಬಾಸ್ಟನ್ನಿನ ಎಲಿ ಪೆಲಿಯವರ ದಾರಿ. ಪಾರ್ಶ್ವವಾಯು ಬಡಿದ ಕೆಲವರಿಗೆ ಎರಡೂ ಕಣ್ಣಿನಲ್ಲಿ ಒಂದೇ ಬದಿಯ ಅರ್ಧ ನೋಟ ಹೋಗಿಬಿಡುತ್ತದೆ. ಪೆಲಿ ಅಂಥವರ ಕನ್ನಡಕದ ಒಂದು ಗಾಜಿಗೆ, ಪಾಪೆಯ ಮೇಲೊಂದು ಕೆಳಗೊಂದು, ಪಟ್ಟಕದ ಪಟ್ಟಿ ಅಂಟಿಸಿದರು. ಕಳೆದುಹೋದ ಬದಿಯ ದೃಶ್ಯ ಅದರಿಂದ ಬಾಗಿ, ಉಳಿದಿರುವ ನೋಟದೊಳಗೆ ಸುಮಾರು 20 ಡಿಗ್ರಿಯಷ್ಟು ಬಂದು ಸೇರುತ್ತದೆ. ನಡುವಿನ ನೋಟಕ್ಕೆ ಕೈ ಹಚ್ಚುವುದಿಲ್ಲ. ಕೊಳವೆಯಂತೆ ನೋಟ ಕಿರಿದಾದವರಿಗಾಗಿ ಪೆಲಿಯವರದೇ ಇನ್ನೊಂದು ಯೋಜನೆ: ಪಾರದರ್ಶಕ ಪರದೆ, ಅದರ ಮೇಲೆ ಅಗಲವಾದ ದೃಶ್ಯದ ಅಂಚುಗೆರೆಗಳನ್ನು ಮಾತ್ರ ಕಿರಿದು ಮಾಡಿ ತೋರಿಸುವುದು. ನಿಜವಾದ ಲೋಕ ಹಾಗೆಯೇ ಕಾಣುತ್ತಿರುತ್ತದೆ. ಅದರ ಮೇಲೆ ತೆಳುವಾದ ಗೆರೆಗಳಲ್ಲಿ ಬಾಗಿಲ ಚೌಕಟ್ಟು, ಬದಿಯಿಂದ ಬರುವ ಮನುಷ್ಯ. ಗೆರೆಯಲ್ಲಿ ಸುಳಿವು ಸಿಕ್ಕಿದ ಕೂಡಲೇ ರೋಗಿ ಕತ್ತು ತಿರುಗಿಸಿ ನೇರವಾಗಿ ನೋಡಿಕೊಳ್ಳುತ್ತಾನೆ. ಇರುವುದನ್ನು ಕಸಿಯದೆ ಇಲ್ಲದ್ದನ್ನು ಸೇರಿಸುವ ದಾರಿ ಇದು. ಕಣ್ಣು ಪೂರ್ತಿ ಮುಚ್ಚಿ ಪರದೆ ತೋರಿಸುವುದಕ್ಕಿಂತ ಎಷ್ಟೋ ಮೇಲು. ಇರುಳುಗಣ್ಣಿನಿಂದ ಶುರುವಾಗಿ ಹರೆಯದಲ್ಲೇ ನೋಟ ಕಿರಿದಾಗುವ ರೆಟಿನೈಟಿಸ್ ಪಿಗ್ಮೆಂಟೋಸಾದ ಮಕ್ಕಳಿಗೆ, ನಾನು ಹೇಳಿದ ಆ ಕೃಷಿಕರಂಥವರಿಗೆ, ಇಂಥದ್ದು ಬೇಕು. ಆ ಕೃಷಿಕರ ಹೋದ ನೋಟ ಮರಳಿ ಬರಲಿಲ್ಲ. ಔಷಧಿಯಿಂದ ಉಳಿದದ್ದು ನಿಂತಿದೆ. ಸಂಕದ ಬದಿಗೆ ಮಕ್ಕಳು ಅಡಿಕೆ ಮರದ ದಬ್ಬೆಯ ಕೈಹಿಡಿ ಕಟ್ಟಿಕೊಟ್ಟಿದ್ದಾರೆ.

ಇಂಥ ಸಾಧನವನ್ನು ಇಲ್ಲೇ ಮಾಡಬಹುದು. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಲೋಕಸಭೆಯ ಸ್ಪೀಕರ್ ಆಗಿ ಕೆಲಸ ಮಾಡಿದ ಕೆ.ಎಸ್. ಹೆಗ್ಡೆಯವರು 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಇಲ್ಲಿನ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1986ರಲ್ಲಿ. ದೇರಳಕಟ್ಟೆಯಲ್ಲಿ ಇದೇ ಸಂಸ್ಥೆಯ ವೈದ್ಯಕೀಯ ಕಾಲೇಜಿದೆ. ಇತ್ತ ಮಣಿಪಾಲದಲ್ಲಿ 1953ರಿಂದ ನಡೆದುಬಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿದೆ, ದೃಷ್ಟಿಮಾಪನ ಕಲಿಸುವ ವಿಭಾಗವಿದೆ. ಪ್ರೋಗ್ರಾಂ ಬರೆಯುವವರು, ಕಣ್ಣು ಪರೀಕ್ಷಿಸುವವರು, ತುಳು ಮಾತಾಡುವ ರೋಗಿಗಳು, ಎಲ್ಲರೂ ಒಂದೆರಡು ಗಂಟೆಯ ಬಸ್ ದಾರಿಯೊಳಗೆ ಇದ್ದಾರೆ. ಇಂಥ ಅನುಕೂಲ ದೇಶದಲ್ಲಿ ಎಷ್ಟು ಹಳ್ಳಿಗಳಿಗಿದೆ?

ಆದ್ದರಿಂದ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಹೆಡ್‌ಸೆಟ್ ಬಿಚ್ಚಿಡಿ, ಮೊದಲು ಒಂದು ಬೆಳಿಗ್ಗೆ ಕಣ್ಣಿನ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕೂತು ಬನ್ನಿ. ಮೆಟ್ಟಿಲಿಳಿಯುವಾಗ ಪಾದದಿಂದ ತಡಕುವವರು ಯಾರು, ಬಾಗಿಲ ಚೌಕಟ್ಟಿಗೆ ಭುಜ ತಗಲಿಸಿಕೊಳ್ಳುವವರು ಯಾರು ಎಂದು ಗಮನಿಸಿ. ಅವರನ್ನು ಮಾತಾಡಿಸಿ. ನಿಮ್ಮ ಸಾಧನ ಮಳೆಗಾಲದ ತೇವಕ್ಕೆ ಕೆಡದಿರಲಿ, ಮೂಗಿಗೆ ಭಾರವಾಗದಿರಲಿ, ಒಬ್ಬ ಅಜ್ಜ ಅದನ್ನು ತೊಟ್ಟು ಅಂಗಳದ ಮೆಟ್ಟಿಲು ಇಳಿಯುವಂತಿರಲಿ.

ಶಿಬಿರ ನಡೆಸುವ ಸಂಘಸಂಸ್ಥೆಗಳವರು ಇಲ್ಲಿದ್ದೀರಿ. ಅಕ್ಷರ ಓದಿಸಿದ ಮೇಲೆ ಎರಡು ನಿಮಿಷ ಬದಿಯಿಂದ ಬೆರಳಾಡಿಸಿ ನೋಡುವ ಏರ್ಪಾಡು ಮಾಡಿ. ಬೆರಳಿನ ಪರೀಕ್ಷೆಗೆ ದೊಡ್ಡ ಊನ ಮಾತ್ರ ಸಿಗುತ್ತದೆ, ಶುರುವಿನದ್ದು ಸಿಗುವುದಿಲ್ಲ. ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸಲು ಅಷ್ಟು ಸಾಕು. ಇನ್ನು ನೀವೆಲ್ಲರೂ, ನಲವತ್ತು ದಾಟಿದ್ದರೆ, ಅದರಲ್ಲೂ ಅಪ್ಪ ಅಮ್ಮ ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಮುಂದಿನ ಸಲ ಕನ್ನಡಕಕ್ಕೆ ಹೋದಾಗ ಕಣ್ಣಿನ ಒತ್ತಡ ಮತ್ತು ನರವನ್ನು ಪರೀಕ್ಷಿಸಲು ಕೇಳಿ, ದೃಷ್ಟಿಕ್ಷೇತ್ರದ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ವಿಚಾರಿಸಿ. ಕಣ್ಣು ಸರಿ ಕಾಣುತ್ತಿದೆ ಎಂಬ ಕಾರಣಕ್ಕೆ ಅದನ್ನು ಮುಂದೂಡಬೇಡಿ.